ಬೇವಿನ ಬುಡದ ಮಣ್ಣಲ್ಲಿ ಏನೇನು ಓಡಾಡುತ್ತವೆ? ಬಾಟಲಿ ಆಲಿಕೆಯಿಂದ ನೋಡಿ

ಆಹಾರ ಸರಪಳಿ ಕಲಿಸಲು ಬೋರ್ಡಿನ ಮೇಲೆ ಹುಲಿ ಬಿಡಿಸಬೇಕಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರವಿದ್ದರೆ ಸಾಕು, ಅದರ ತರಗೆಲೆಯಡಿ ಪೂರ್ತಿ ಸರಪಳಿಯೇ ಇರುತ್ತದೆ. ಅದನ್ನು ಹೊರಗೆ ತರುವ ಸಾಧನವನ್ನು ಇಟಲಿಯ ಕೀಟತಜ್ಞ ಆಂಟೋನಿಯೊ ಬರ್ಲೀಸ್ 1905ರಲ್ಲಿ ರೂಪಿಸಿದರು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ಬಲ್ಬು ಸೇರಿಸಿದರು. ಮೇಲಿನಿಂದ ಮಣ್ಣು ಒಣಗುತ್ತ ಬಂದಂತೆ ಜೀವಿಗಳು ತಂಪು ಹುಡುಕಿ ಕೆಳಗಿಳಿದು ಬಟ್ಟಲಿಗೆ ಬೀಳುತ್ತವೆ, ಅಷ್ಟೇ.

2 ಲೀಟರಿನ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿ. ಕತ್ತಿನ ಮೇಲೆ 3 ಮಿ.ಮೀ. ಕಣ್ಣಿನ ತಂತಿ ಜಾಲರಿ ಇಡಿ. ಸೊಳ್ಳೆಪರದೆ ಬೇಡ, ಸಹಸ್ರಪದಿಯಂಥವು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಈ ಕೆಳಭಾಗವೇ ಬಟ್ಟಲು; ಅದರ ತಳದಲ್ಲಿ ಒದ್ದೆ ಬಿಳಿ ಕಾಗದ ಹಾಸಿ, ಹೊರಗೆ ಕಪ್ಪು ಕಾಗದ ಸುತ್ತಿ.

ಮೂರು ಜಾಗದಿಂದ ಒಂದೇ ಲೋಟದ ಅಳತೆಯಲ್ಲಿ, ತಲಾ 300 ಮಿ.ಲೀ. ಮಾದರಿ ತನ್ನಿ: ಬೇವಿನ ಬುಡ, ಹೊಲದ ಒಡ್ಡು, ಬಯಲು ಮೈದಾನ. ಕುರ್ಪಿಯಿಂದಲೇ ಕೆದಕಿ; ಕಲ್ಲಿನಡಿ ಚೇಳಿರಬಹುದು, ಬರಿಗೈ ಹಾಕಬಾರದು. ಎರೆಹುಳು ಕಂಡರೆ ಆಗಲೇ ಆರಿಸಿ ವಾಪಸು ಬಿಡಿ, ಆಲಿಕೆಯಲ್ಲಿ ಅವು ಕೆಳಗಿಳಿಯುವ ಮೊದಲೇ ಒಣಗಿ ಸಾಯುತ್ತವೆ.

ನಮ್ಮ ಎರೆ ಮಣ್ಣಿನದೇ ಒಂದು ತೊಂದರೆ ಇದೆ. ಮಳೆ ಬಿದ್ದ ಮರುದಿನ ತಂದರೆ ಅಂಟಿನಂತೆ ಜಾಲರಿಗೆ ಮೆತ್ತಿಕೊಂಡು ದಾರಿಯೇ ಮುಚ್ಚುತ್ತದೆ. ಎರಡು-ಮೂರು ದಿನ ಮಳೆ ಬಿಡುವು ಕೊಟ್ಟು, ಕೈಯಲ್ಲಿ ಹಿಡಿದರೆ ಪುಡಿಯಾಗುವ ಹದಕ್ಕೆ ಬಂದಾಗ ತನ್ನಿ. ಆಲಿಕೆಯಲ್ಲಿ 5 ಸೆಂ.ಮೀ.ಗಿಂತ ದಪ್ಪ ತುಂಬಬೇಡಿ, ಒತ್ತಲೂಬೇಡಿ. ಹಿಂಗಾರಿ ಮಳೆಯ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಕಾಲ.

ಬಲ್ಬು 40 ವ್ಯಾಟಿನ ಹಳೆಯ ತಂತಿ ಬಲ್ಬೇ ಇರಲಿ. ಎಲ್‌ಇಡಿಗೆ ಕಾವು ಸಾಲದು. ಮಣ್ಣಿನಿಂದ 15 ಸೆಂ.ಮೀ. ಎತ್ತರದಲ್ಲಿ ತೂಗಿಸಿ. ಹತ್ತಿರ ತಂದರೆ ಬೇಗ ಮುಗಿಯುತ್ತದೆ ಅನ್ನಿಸುತ್ತದೆ, ಆದರೆ ಮೇಲ್ಪದರ ಹಠಾತ್ತನೆ ಒಣಗಿ ನಿಧಾನದ ಜೀವಿಗಳು ಅಲ್ಲೇ ಸಾಯುತ್ತವೆ. ಕರೆಂಟ್ ಹೋದರೆ ಚಿಂತೆಯಿಲ್ಲ, ಒಂದು ದಿನ ಹೆಚ್ಚು ಹಿಡಿಯುತ್ತದೆ. ಮೂರರಿಂದ ಐದು ದಿನ ಬಿಡಿ. ಬೆಳಿಗ್ಗೆ ಬೆಳಿಗ್ಗೆ ಬಟ್ಟಲು ನೋಡಲೇಬೇಕು. ತಡಮಾಡಿದರೆ ಜರಿ (ಶತಪದಿ) ಉಳಿದವನ್ನು ತಿಂದುಬಿಡುತ್ತದೆ.

ಗುರುತಿಸಲು ಹೆಸರಿಗಿಂತ ಮೊದಲು ಕಾಲು ಎಣಿಸಲಿ. ಭೂತಗನ್ನಡಿಯಡಿ ಬಿಳಿ ಚುಕ್ಕೆಯೊಂದಕ್ಕೆ ಕುಂಚದ ತುದಿ ತಾಗಿಸಿದ ಕೂಡಲೇ ಅದು ಚಂಗನೆ ಹಾರಿ ಮಾಯವಾದರೆ ಅದು ಸ್ಪ್ರಿಂಗ್‌ಟೇಲ್: ಆರು ಕಾಲು, ಹೊಟ್ಟೆಯಡಿ ಮಡಿಸಿಟ್ಟ ಕವೆಯಂಥ ಅಂಗ. ಎಂಟು ಕಾಲಿನ ಪುಟ್ಟ ಜೀವಿ ಮೈಟ್, ಅಂದರೆ ನುಸಿ. ಆದರೆ ಆಗಷ್ಟೇ ಮೊಟ್ಟೆಯೊಡೆದ ಮೈಟ್‌ಗೂ ಆರೇ ಕಾಲು, ಮಕ್ಕಳು ಗೊಂದಲಗೊಳ್ಳುವುದು ಇಲ್ಲೇ. ಆಮೇಲೆ ಬಾಣಗಳನ್ನು ಅವರೇ ಹಾಕಲಿ: ಕೊಳೆತ ಎಲೆಯಿಂದ ಶಿಲೀಂಧ್ರಕ್ಕೆ, ಅಲ್ಲಿಂದ ಸ್ಪ್ರಿಂಗ್‌ಟೇಲ್‌ಗೆ, ಅದರಿಂದ ಬೇಟೆಯಾಡುವ ಮೈಟ್‌ಗೆ, ಜರಿಗೆ.

ಮೈದಾನದ ಬಟ್ಟಲು ಖಾಲಿ ಬಂದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲಬೇಡಿ. ಪಟ್ಟಿಯಲ್ಲಿ 0 ಎಂದೇ ಬರೆಸಿ, ಬೇವಿನ ಬುಡದ ಲೆಕ್ಕದ ಪಕ್ಕದಲ್ಲಿಟ್ಟು ಕೇಳಿ: ನೆರಳಿಲ್ಲದ, ಎಲೆ ಬೀಳದ ಕಡೆ ಶಿಲೀಂಧ್ರ ಯಾವುದರ ಮೇಲೆ ಬೆಳೆಯಬೇಕು?