ಗಂಡ ಬ್ರಿಟನ್‌ನಲ್ಲಿ, ಹೆಂಡತಿ ಬೆಂಗಳೂರಿನಲ್ಲಿ: ವೀಸಾದ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುವುದು ಹೇಗೆ?

ನನ್ನ ಚಿಕ್ಕಪ್ಪನ ಮಗಳು ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಳು. ಆದರೆ ಅದು ವೀಸಾಗೆ ನಡೆಯಲಿಲ್ಲ. ಅವಳು ಬರೆದದ್ದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾಮೂಲಿ ರೂಪ, ವೀಸಾಗೆ ಒಪ್ಪುವ ರೂಪ ಅಲ್ಲ. ಕೋಚಿಂಗ್ ಕೊಟ್ಟವರು ಈ ವಿಷಯ ಹೇಳಲೇ ಇಲ್ಲ. ಫೀಸೂ ಹೋಯಿತು, ಮೂರು ತಿಂಗಳೂ ಹೋಯಿತು. ನಿಮಗೆ ಹಾಗಾಗಬಾರದು.

ಬ್ರಿಟನ್ ಪ್ರಜೆಯನ್ನೋ ಅಲ್ಲಿ ಕಾಯಂ ನೆಲೆಸಲು ಅನುಮತಿ ಪಡೆದವರನ್ನೋ ಮದುವೆಯಾದವರಿಗೆ ಅಲ್ಲಿಗೆ ಹೋಗುವ ವೀಸಾ ಬೇಕಾದರೆ ಇಂಗ್ಲಿಷ್ ಬರುತ್ತದೆ ಎಂದು ತೋರಿಸಬೇಕು, 2010ರ ನವೆಂಬರ್‌ನಿಂದ ಈ ನಿಯಮವಿದೆ. ಕೆಲಸದ ವೀಸಾದಲ್ಲಿ ಹೋದವರ ಕುಟುಂಬದ ನಿಯಮ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. 65 ದಾಟಿದವರಿಗೆ ವಿನಾಯಿತಿ ಇದೆ.

ಮೊದಲು ನಿಮ್ಮ ಡಿಗ್ರಿ ನೋಡಿ. ಬೆಂಗಳೂರಿನಲ್ಲಿ ಬಿ.ಕಾಂ., ಬಿ.ಇ. ಓದಿದ ಎಷ್ಟೋ ಹೆಣ್ಣುಮಕ್ಕಳು ಇಂಗ್ಲಿಷ್ ಮಾಧ್ಯಮದವರೇ ಅಲ್ವಾ? ನಿಮ್ಮ ಪದವಿ ಅಲ್ಲಿನ ಪದವಿಗೆ ಸಮ, ಪಾಠ ನಡೆದದ್ದು ಇಂಗ್ಲಿಷ್‌ನಲ್ಲಿ ಎಂದು ಎಕ್ಟಿಸ್ ಎಂಬ ಸಂಸ್ಥೆ ದೃಢಪಡಿಸಿದರೆ ಪರೀಕ್ಷೆಯೇ ಬೇಡ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ವಿಚಾರಿಸಿ.

ಪರೀಕ್ಷೆ ಬೇಕೇ ಆದರೆ, ಬ್ರಿಟನ್ ಸರ್ಕಾರದ ವೆಬ್‌ಸೈಟಿನ ಪಟ್ಟಿಯಲ್ಲಿರುವ ಪರೀಕ್ಷೆಯನ್ನೇ, ಪಟ್ಟಿಯಲ್ಲಿರುವ ಕೇಂದ್ರದಲ್ಲೇ ಬುಕ್ ಮಾಡಿ. ಮೊದಲ ವೀಸಾಗೆ ಎ1, ಅಂದರೆ ತೀರಾ ಆರಂಭದ ಮಟ್ಟ ಸಾಕು. ಐಇಎಲ್‌ಟಿಎಸ್‌ನಲ್ಲಾದರೆ ಅದರ ಹೆಸರು ಲೈಫ್ ಸ್ಕಿಲ್ಸ್ ಎ1. ಮುಂದೆ ವೀಸಾ ಮುಂದುವರಿಸುವಾಗ ಎ2, ಕಾಯಂ ನೆಲೆಗೆ ಅದಕ್ಕಿಂತ ಮೇಲಿನ ಮಟ್ಟ. ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ.

ಬುಕ್ ಮಾಡುವಾಗ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಬರೆಯಿರಿ. ನಮ್ಮ ಕಡೆ ಇನಿಷಿಯಲ್‌ನದ್ದೇ ದೊಡ್ಡ ತೊಡಕು. ಒಂದು ಕಡೆ ಬರೀ ಅಕ್ಷರ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಇದನ್ನು ಮೊದಲೇ ಸರಿಮಾಡಿಕೊಳ್ಳಿ.

ಇನ್ನು ತಯಾರಿ. ಎ1ನಲ್ಲಿ ಓದು, ಬರಹ ಇಲ್ಲ. ಮಾತಾಡುವುದು, ಕೇಳಿಸಿಕೊಳ್ಳುವುದು ಮಾತ್ರ. ಲೈಫ್ ಸ್ಕಿಲ್ಸ್‌ನಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸುತ್ತಾರೆ, 16ರಿಂದ 18 ನಿಮಿಷ. ಮನೆ, ಊಟ, ಅಂಗಡಿ, ಹವಾಮಾನ, ಬಸ್ಸು, ಆರೋಗ್ಯ, ಇಂಥದ್ದೇ ಮಾತು. ಅಂಕ ಇಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಹಾಗಾಗಿ ವ್ಯಾಕರಣದ ಪುಸ್ತಕ ಉರು ಹೊಡೆಯಬೇಡಿ. ಮಲ್ಲೇಶ್ವರದ ಮಾರ್ಕೆಟ್‌ನಲ್ಲಿ ಏನು ಕೊಂಡಿರಿ, ಮೆಜೆಸ್ಟಿಕ್‌ಗೆ ಹೇಗೆ ಹೋದಿರಿ ಅಂತ ನಾದಿನಿಗೋ ಪಕ್ಕದ ಮನೆಯವರಿಗೋ ದಿನಾ ಹತ್ತು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಿ. ಅವರಿಂದಲೂ ಪ್ರಶ್ನೆ ಕೇಳಿಸಿಕೊಳ್ಳಿ. ಸುಮ್ನೆ ಕನ್ನಡಿ ಮುಂದೆ ನಿಂತು ಮಾತಾಡುವುದಕ್ಕಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪರೀಕ್ಷೆಯ ದಿನ ಅಸಲಿ ಪಾಸ್‌ಪೋರ್ಟ್ ಮರೆಯಬೇಡಿ. ಪ್ರಶ್ನೆ ಅರ್ಥವಾಗದಿದ್ದರೆ ಗಾಬರಿಯಾಗದೆ ಇನ್ನೊಮ್ಮೆ ಹೇಳಿ ಎಂದು ಕೇಳಿ, ಇಂಗ್ಲಿಷ್‌ನಲ್ಲೇ.