ನಿನ್ನೆ ಆಫೀಸಲ್ಲಿ ಎಂತ ಮಾಡಿದ್ರಿ?

ಮಲೆನಾಡಿನ ಮದುವೆ ಮನೆಯಲ್ಲಿ, ಡಿಗ್ರಿ ಮುಗಿಸಿ ಮನೆಯಲ್ಲಿರುವವರು ಊಟದ ಪಂಕ್ತಿಯಲ್ಲಿ ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕಿಯೇ ಕೂರಬೇಕು. ನಾನು ಹಾಕುತ್ತಿರಲಿಲ್ಲ. ಕೋಸಂಬರಿ ಬಡಿಸುವಷ್ಟರಲ್ಲಿ ಪಕ್ಕದ ಎಲೆಯಿಂದ ಶುರುವಾಗುತ್ತಿತ್ತು.

"ಎಂತ ಓದಿದ್ದೇ?"

"ಬಿಬಿಎ."

"ಅದ್ರಲ್ಲಿ ಎಂತ ಆಗ್ತಾರೆ?"

"ನೋಡ್ಬೇಕು ಅತ್ತೆ."

2023ರ ಅಕ್ಟೋಬರ್‌ನಲ್ಲಿ ರಿಸಲ್ಟ್ ಬಂತು, ಶೇಕಡಾ 62. ಅಲ್ಲಿಂದ ಸುಮಾರು ಒಂದು ವರ್ಷ ನಾನು ಜಾಸ್ತಿ ಬಳಸಿದ ಪದ ಈ "ನೋಡ್ಬೇಕು".

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ. ಬಿಬಿಎ ಸೇರಿದ್ದು 2020ರಲ್ಲಿ, ಕೊರೊನಾ ಕಾಲ. ಮೊದಲ ವರ್ಷದ ಪಾಠ ಕೇಳಿದ್ದು ಮನೆ ಹಿಂದಿನ ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗುವ ಗೇರು ಮರದ ಬುಡದಲ್ಲಿ ಕೂತು. ಆಮೇಲೆ ಎರಡು ವರ್ಷ ಶಿವಮೊಗ್ಗದಲ್ಲಿ ಹಾಸ್ಟೆಲ್. ಬಿಬಿಎ ಯಾಕೆ ಅಂತ ಕೇಳಿದರೆ ದೊಡ್ಡ ಕಾರಣವಿಲ್ಲ. ಸೈನ್ಸ್ ಬೇಡವಾಗಿತ್ತು, ಗೆಳತಿ ಸೇರಿದ್ದಳು, ಅಷ್ಟೇ. ಮಾರ್ಕೆಟಿಂಗ್, ಎಚ್‌ಆರ್, ಅಕೌಂಟ್ಸ್, ಕಂಪನಿ ಕಾನೂನು ಎಲ್ಲದರಲ್ಲೂ ಒಂದೊಂದು ಹಿಡಿ ಗೊತ್ತಿತ್ತು. ಯಾವುದರಲ್ಲೂ ಒಂದು ಬುಟ್ಟಿ ಇರಲಿಲ್ಲ.

ಸಲಹೆಗೆ ಮಾತ್ರ ಬರ ಇರಲಿಲ್ಲ. ಅಪ್ಪಯ್ಯನಿಗೆ ಬ್ಯಾಂಕ್ ಆಗಬೇಕು. ಸೋದರಮಾವ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅವರ ಪ್ರಕಾರ ಸರ್ಕಾರಿ ನೌಕರಿ ಬಿಟ್ಟರೆ ಉಳಿದದ್ದೆಲ್ಲ ದಿನಗೂಲಿ. ಬೆಂಗಳೂರಿನ ಚಿಕ್ಕಪ್ಪನ ಮಗ "ಎಂಬಿಎ ಮಾಡು, ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡ" ಅಂತ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಎಲ್ಲರಿಗೂ ನನ್ನ ಮೇಲೆ ಪ್ರೀತಿ. ಆದರೆ ಆ ಕೆಲಸಗಳಲ್ಲಿ ದಿನವಿಡೀ ಏನು ಮಾಡುತ್ತಾರೆ ಅಂತ ಒಬ್ಬರೂ ಹೇಳಲಿಲ್ಲ. ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ನವೆಂಬರ್‌ನಲ್ಲಿ ಮೊದಲ ತಪ್ಪು ಮಾಡಿದೆ. ಪೇಟೆಯ ಒಂದು ಕಡೆ ಬೆರಳಚ್ಚು ನೋಡಿ ನಿಮಗೆ ಯಾವ ವೃತ್ತಿ ಸರಿ ಅಂತ ಹೇಳುತ್ತಾರೆ ಎಂದು ಪರಿಚಯದವರು ಕಳಿಸಿದರು. 4,500 ರೂಪಾಯಿ. ಆಗಿನ ದರದಲ್ಲಿ ಹತ್ತಿರ ಹತ್ತಿರ ಹತ್ತು ಕೆಜಿ ರಾಶಿ ದರ್ಜೆಯ ಅಡಿಕೆ. ಹತ್ತು ಬೆರಳನ್ನೂ ಮಷಿನ್ ಮೇಲೆ ಒತ್ತಿಸಿಕೊಂಡು ಒಂದು ವಾರದ ನಂತರ ಬಣ್ಣದ ಚಾರ್ಟುಗಳಿರುವ ಪುಸ್ತಕ ಕೊಟ್ಟರು. ಅದರ ಪ್ರಕಾರ ನಾನು ವಕೀಲೆ, ಗಗನಸಖಿ, ತೋಟಗಾರಿಕೆ ತಜ್ಞೆ, ಆಡಳಿತಾಧಿಕಾರಿ, ಇದರಲ್ಲಿ ಏನು ಬೇಕಾದರೂ ಆಗಬಹುದು. ಅಮ್ಮ ಪುಸ್ತಕ ತಿರುವಿ ಹಾಕಿ, "ತೋಟಗಾರಿಕೆ ಅಂತ ಹೇಳೋಕೆ ಇಷ್ಟು ದುಡ್ಡಾ? ಹಿತ್ತಿಲಿಗೆ ಬಾ, ನಾ ಹೇಳ್ತಿದ್ದೆ" ಅಂದಳು. ಬೆರಳಿನ ಗೆರೆಗೂ ಕೆಲಸದ ಯೋಗ್ಯತೆಗೂ ನಂಟಿದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಇದನ್ನು ದುಡ್ಡು ಕೊಟ್ಟ ಮೇಲೆ ಓದಿ ತಿಳಿದುಕೊಂಡೆ. ಅದೇ ಸಂಕಟ.

ಅಷ್ಟರಲ್ಲಿ ಯುವನಿಧಿ ಬಂತು. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಚಾಲನೆ ಕೊಟ್ಟರು. 2022-23ರಲ್ಲಿ ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಗ್ರಾಮ ಒನ್‌ನಲ್ಲಿ ಅರ್ಜಿ ಹಾಕಿದೆ. ನನ್ನ ಆರು ತಿಂಗಳು ತುಂಬಿದ್ದು ಏಪ್ರಿಲ್‌ನಲ್ಲಿ. ದುಡ್ಡು ಉಪಯೋಗಕ್ಕೆ ಬಂತು, ಸುಳ್ಳು ಹೇಳುವುದಿಲ್ಲ. ಮುಂದೆ ಓಡಾಡಿದ ಬಸ್ ಖರ್ಚಿನ ಬಹುಪಾಲು ಅದೇ. (ಟಿಕೆಟ್ ಫ್ರೀ ಅಲ್ವಾ ಅನ್ನಬೇಡಿ, ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು.) ಆದರೆ ಆಗ ಪ್ರತಿ ತಿಂಗಳೂ ನನಗಿನ್ನೂ ಕೆಲಸ ಸಿಕ್ಕಿಲ್ಲ ಅಂತ ಸ್ವಯಂ ಘೋಷಣೆ ಕೊಡಬೇಕಿತ್ತು. ಆ ಬಟನ್ ಒತ್ತುವಾಗಿನ ಬೇಜಾರು ಒತ್ತಿದವರಿಗೇ ಗೊತ್ತು.

ನಿಜವಾದ ಮೊದಲ ಸಹಾಯ ಸಿಕ್ಕಿದ್ದು ನಾನು ನಿರೀಕ್ಷೆಯೇ ಇಟ್ಟಿರದ ಕಡೆ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ. ಹೆಸರು ನೋಂದಾಯಿಸಲು ಹೋಗಿದ್ದೆ. ಅಲ್ಲಿದ್ದ ಮೇಡಂ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವೀಸ್ ಪೋರ್ಟಲ್‌ನಲ್ಲೂ ಖಾತೆ ತೆರೆಯಲು ಹೇಳಿದರು. ಎರಡಕ್ಕೂ ಶುಲ್ಕವಿಲ್ಲ. ಆಮೇಲೆ ಕೇಳಿದರು: "ನೀವು ಇದುವರೆಗೆ ಯಾರಾದ್ರೂ ಕೆಲಸ ಮಾಡೋದನ್ನ ಪಕ್ಕದಲ್ಲಿ ಕೂತು ನೋಡಿದೀರಾ?" ಅಪ್ಪಯ್ಯ ಔಷಧಿ ಹೊಡೆಸುವುದನ್ನು, ಮೇಷ್ಟ್ರು ಪಾಠ ಮಾಡುವುದನ್ನು ನೋಡಿದ್ದೇನೆ ಅಂದೆ. ಅವರು ನಕ್ಕರು. "ಹಾಗಾದ್ರೆ ಮೊದಲು ಒಂದು ಹತ್ತು ಜನರ ಹತ್ರ ಕೇಳ್ಕೊಂಡು ಬನ್ನಿ."

ಹತ್ತು ಜನ ಎಲ್ಲಿ ಸಿಗುತ್ತಾರೆ? ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಮದುವೆ, ಉಪನಯನ, ಗೃಹಪ್ರವೇಶ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವ ಕಾಲ. ಪಂಕ್ತಿಯಲ್ಲಿ ಪಕ್ಕ ಕೂತವರು ಎದ್ದು ಹೋಗುವ ಹಾಗಿಲ್ಲ, ಮಜ್ಜಿಗೆ ಬರುವವರೆಗೆ ಕೂರಲೇಬೇಕು. ಇಷ್ಟು ದಿನ ಅವರು ಕೇಳುತ್ತಿದ್ದರು. ಈಗ ನಾನೇ ಮೊದಲು ಕೇಳಲು ಶುರು ಮಾಡಿದೆ: "ನಿನ್ನೆ ಆಫೀಸಲ್ಲಿ ಎಂತ ಮಾಡಿದ್ರಿ? ಬೆಳಿಗ್ಗೆಯಿಂದ ಹೇಳಿ."

ನಿನ್ನೆ ಅನ್ನುವ ಪದ ಮುಖ್ಯ. "ನಿಮ್ಮ ಕೆಲಸ ಎಂತ?" ಅಂತ ಕೇಳಿದರೆ ಹುದ್ದೆಯ ಹೆಸರು ಹೇಳಿ ಸುಮ್ಮನಾಗುತ್ತಾರೆ. "ಹೇಗಿದೆ ಕೆಲಸ?" ಅಂದರೆ "ಹೀಗೇ ನಡೀತಿದೆ ಮಾರಾಯ್ತಿ" ಅನ್ನುತ್ತಾರೆ. ನಿನ್ನೆ ಅಂದರೆ ಯೋಚಿಸಿ ನಿಜ ಹೇಳುತ್ತಾರೆ. ಎರಡನೇ ಪ್ರಶ್ನೆ, ಯಾವ ಕೆಲಸ ಬಂದರೆ ತಲೆನೋವು ಅನಿಸುತ್ತದೆ? ಮೂರನೆಯದು ಸಂಬಳದ್ದು. ಇದನ್ನು ನೇರ ಕೇಳುವ ಹಾಗಿಲ್ಲ, ಮರ್ಯಾದೆ ಪ್ರಶ್ನೆ. "ನಿಮ್ಮಲ್ಲಿ ಹೊಸಬರಿಗೆ ಶುರುವಲ್ಲಿ ಎಷ್ಟು ಕೊಡ್ತಾರೆ?" ಅಂತ ಕೇಳಿದರೆ ಯಾರೂ ಮುಖ ಸಿಂಡರಿಸಲಿಲ್ಲ. ಮನೆಗೆ ಬಂದ ಕೂಡಲೇ ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದೆ. ಮೂರು ತಿಂಗಳಲ್ಲಿ ಹದಿನೇಳು ಜನ.

ಬ್ಯಾಂಕಿನ ಗುಮಾಸ್ತರೊಬ್ಬರ ನಿನ್ನೆ ಹೀಗಿತ್ತು: ಬೆಳಿಗ್ಗೆ ಚಿನ್ನದ ಸಾಲ ನಾಲ್ಕು, ಆಧಾರ್ ಜೋಡಣೆ, ಪಾಸ್‌ಬುಕ್ ಮಷಿನ್ ಕೆಟ್ಟಿದ್ದಕ್ಕೆ ಬೈಗುಳ, ಸಂಜೆ ಕ್ಯಾಶ್ ತಾಳೆ ಆಗದೆ ಏಳು ಗಂಟೆವರೆಗೆ ಕೂತಿದ್ದು. ಸಹಕಾರ ಸಂಘದ ಸೆಕ್ರೆಟರಿಗೆ ಅದು ಮಾರ್ಚ್ ತಿಂಗಳು. ಬಡ್ಡಿಯಿಲ್ಲದ ಬೆಳೆ ಸಾಲ ಸಿಗಬೇಕಾದರೆ ವಾಯಿದೆಯೊಳಗೆ ಕಟ್ಟಬೇಕು. ಆ ಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ ಮೇಲೆ ಅವರ ಮನೆ ಬಾಗಿಲಿಗೇ ಜನ ಬರುತ್ತಿದ್ದರಂತೆ. ಸಿಎ ಓದುತ್ತಿದ್ದ ದೊಡ್ಡಮ್ಮನ ಮಗಳು ನನ್ನ ಅಂಕಪಟ್ಟಿ ನೋಡಿ, ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಎರಡನೇ ಹಂತ ಇಂಟರ್‌ಮೀಡಿಯೇಟ್‌ಗೆ ಸೇರಬಹುದು ಅಂದಳು. ಕಾಮರ್ಸ್ ಪದವೀಧರರಿಗೆ ಶೇಕಡಾ 55, ಉಳಿದವರಿಗೆ 60 ಇದ್ದರಾಯಿತು. ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಅವಧಿ ಕೂಡ ಈಗ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಬಿಬಿಎ ಮೂರು ವರ್ಷ ಓದಿದರೂ ಈ ಬಾಗಿಲು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಕೇಳಿದ್ದು ಸಾಕು, ಮಾಡಿ ನೋಡೋಣ ಅನಿಸಿತು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಪ್ರಿಲಿಮ್ಸ್ ಅಂದರೆ 100 ಪ್ರಶ್ನೆ, 60 ನಿಮಿಷ, ತಪ್ಪಿಗೆ ಕಾಲು ಅಂಕ ಕಡಿತ. ಮೊಬೈಲ್‌ನಲ್ಲೇ ಉಚಿತ ಮಾಕ್ ಟೆಸ್ಟ್ ಬರೆದೆ. 31 ಬಂತು. ಇನ್ನೊಮ್ಮೆ 34. ತಯಾರಿ ಮಾಡಿದರೆ ಏರುತ್ತಿತ್ತು, ಇಲ್ಲವೆನ್ನಲ್ಲ. ಆದರೆ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಇದು ಗೊತ್ತಾಗಿದ್ದು ಒಳ್ಳೆಯದಾಯಿತು. ದೊಡ್ಡಮ್ಮನ ಮಗಳ ಪರಿಚಯದಿಂದ ಶಿವಮೊಗ್ಗದ ದುರ್ಗಿಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ಜೂನ್-ಜುಲೈನಲ್ಲಿ 21 ದಿನ ಸಂಬಳವಿಲ್ಲದೆ ಕೂತೆ. 11ನೇ ತಾರೀಕಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ, ಜುಲೈ 31ಕ್ಕೆ ಆದಾಯ ತೆರಿಗೆ ರಿಟರ್ನ್. ಅಲ್ಲಿ ಗೋಡೆಯ ಕ್ಯಾಲೆಂಡರ್ ನೋಡಿಯೇ ಎಲ್ಲರೂ ಉಸಿರಾಡುತ್ತಾರೆ.

ಆ 21 ದಿನಗಳಲ್ಲಿ ನನ್ನ ಬಗ್ಗೆ ಒಂದು ವಿಷಯ ಗೊತ್ತಾಯಿತು. ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯನ್ನೂ ಅಂಗಡಿಯವರ ಖರೀದಿ ಬಿಲ್ಲುಗಳನ್ನೂ ತಾಳೆ ನೋಡುವ ಕೆಲಸ ಕೊಟ್ಟರೆ ಅರ್ಧ ಗಂಟೆಗೆ ಆಕಳಿಕೆ. ಅದೇ ಬಿಲ್ ತಾಳೆಯಾಗದೆ ಸಪ್ಲೈಯರ್‌ಗೆ ಫೋನ್ ಮಾಡಿ "ನಮ್ಮ ಬಿಲ್ ಯಾಕೆ ಹಾಕಿಲ್ಲ?" ಅಂತ ಕೇಳಬೇಕಾದಾಗ ಖುಷಿ. ಒಂದು ದಿನ ಅಂಥ ಹನ್ನೆರಡು ಫೋನ್ ಮಾಡಿ ಒಂಬತ್ತು ಬಿಲ್ ಹಾಕಿಸಿದೆ. ಆಡಿಟರ್ ಸರ್ ಕನ್ನಡಕದ ಮೇಲಿಂದ ನೋಡಿ, "ನೀನು ಲೆಕ್ಕ ಬರೆಯೋಳಲ್ಲಮ್ಮ, ವಸೂಲಿ ಮಾಡೋಳು" ಅಂದರು. ಬೈದರೋ ಹೊಗಳಿದರೋ ಈಗಲೂ ಗೊತ್ತಿಲ್ಲ.

ಆ ರಾತ್ರಿ ಡೈರಿ ತಿರುವಿದೆ. ಏಪ್ರಿಲ್‌ನಲ್ಲಿ ಕೊಪ್ಪದ ಒಂದು ಮದುವೆಯಲ್ಲಿ ಪಕ್ಕ ಕೂತಿದ್ದ ಒಬ್ಬ ಅಣ್ಣನ ಪುಟ ಇತ್ತು. ಭದ್ರಾವತಿ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಪರ್ಚೇಸ್ ವಿಭಾಗದವರು. ಶಿವಮೊಗ್ಗದಲ್ಲಿ ಎರಕದ ಕಾರ್ಖಾನೆಗಳಿವೆ, ವಾಹನಗಳ ಬಿಡಿಭಾಗ ಇಲ್ಲಿ ಎರಕವಾಗಿ ಹೊರಗೆ ಹೋಗುತ್ತವೆ. ಹಾಸ್ಟೆಲ್‌ನಲ್ಲಿ ಎರಡು ವರ್ಷ ಇದ್ದರೂ ನಾನು ಅತ್ತ ತಲೆ ಹಾಕಿರಲಿಲ್ಲ. ಫೌಂಡ್ರಿ ಅಂದರೆ ಮಸಿ, ಬೆಂಕಿ, ಇಂಜಿನಿಯರ್ ಹುಡುಗರು ಅಂದುಕೊಂಡಿದ್ದೆ. ಆದರೆ ಅವರ ನಿನ್ನೆ ಹೀಗಿತ್ತು: ಬೆಳಿಗ್ಗೆ ಎಂಟಕ್ಕೆ ಸ್ಕ್ರ್ಯಾಪ್ (ಗುಜರಿ ಕಬ್ಬಿಣ) ಲಾರಿ ತೂಕ. ಎರಕದ ಅಚ್ಚಿಗೆ ಬೇಕಾದ ಮರಳಿನವನು ಎರಡು ದಿನ ತಡ, ಅವನಿಗೆ ಏಳು ಫೋನ್. ಪಿಗ್ ಐರನ್ ಅನ್ನುವ ಕಚ್ಚಾ ಕಬ್ಬಿಣಕ್ಕೆ ಮೂರು ಕಡೆ ದರ ಕೇಳಿದ್ದು. ಕರಗಿದ ಕಬ್ಬಿಣಕ್ಕೆ ಬೆರೆಸುವ ಫೆರೋ ಸಿಲಿಕಾನ್ ಸ್ಟಾಕ್ ನಾಲ್ಕೇ ದಿನಕ್ಕಿದೆ ಅಂತ ಸ್ಟೋರ್ಸ್‌ನವರ ಜೊತೆ ಜಗಳ. ಅದರ ಕೆಳಗೆ ನಾನೇ ಬರೆದಿದ್ದೆ: "ಇಡೀ ದಿನ ಫೋನು!" ಆಶ್ಚರ್ಯಸೂಚಕ ಚಿಹ್ನೆ ಬೇರೆ. ಆಗ ಅದನ್ನು ದೂರಿನ ಹಾಗೆ ಬರೆದಿದ್ದೆ, ಈಗ ಓದಿದರೆ ಬೇರೆ ಥರ ಕಂಡಿತು.

ಫೋನ್ ಮಾಡಿದೆ. "ನಾಳೆ ಬಾ, ಕಾಲಿಗೆ ಶೂ ಹಾಕ್ಕೊಂಡು ಬಾ" ಅಂದರು. ಖಾಲಿ ಹುದ್ದೆ ಇರಲಿಲ್ಲ. ಆದರೆ ಅಪ್ರೆಂಟಿಸ್ ಆಗಿ ಒಂದು ವರ್ಷ ತೆಗೆದುಕೊಳ್ಳಬಹುದು ಅಂದರು. ಕೇಂದ್ರ ಸರ್ಕಾರದ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಟ್ರೈನಿಂಗ್ ಸ್ಕೀಮ್ ಬರೀ ಇಂಜಿನಿಯರಿಂಗ್‌ನವರಿಗೆ ಅಂತ ತುಂಬ ಜನ ತಿಳಿದಿದ್ದಾರೆ. ಬಿಎ, ಬಿಕಾಂ, ಬಿಬಿಎ ಆದವರೂ ಸೇರಬಹುದು. ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಗ ಪದವೀಧರರಿಗೆ ಕನಿಷ್ಠ ಸ್ಟೈಪೆಂಡ್ 9,000 ರೂಪಾಯಿ, ಅದರಲ್ಲಿ ಅರ್ಧ ಸರ್ಕಾರ ಭರಿಸುತ್ತಿತ್ತು. ಕಂಪನಿ ನನಗೆ 13,000 ಕೊಟ್ಟಿತು. ಒಂದು ಷರತ್ತು ಗಮನದಲ್ಲಿರಲಿ. ಅಪ್ರೆಂಟಿಸ್ ವೇತನ ಬರುವವರಿಗೆ ಯುವನಿಧಿ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಾನು ಆ ಬಟನ್ ಒತ್ತಲಿಲ್ಲ.

ಮೊದಲ ತಿಂಗಳು ಸುಲಭ ಇರಲಿಲ್ಲ. ಮರಳನ್ನು ಯಾವ ಅಳತೆಯಲ್ಲಿ ಕೊಳ್ಳುತ್ತಾರೆ, ಬೆಂಟೋನೈಟ್ ಅಂದರೆ ಆ ಮರಳು ಒಂದಕ್ಕೊಂದು ಹಿಡಿದುಕೊಳ್ಳಲು ಬೆರೆಸುವ ಜೇಡಿಮಣ್ಣು ಅಂತೆಲ್ಲ ಶಾಪ್ ಫ್ಲೋರ್‌ನ ಅಣ್ಣಂದಿರನ್ನು ಕೇಳಿ ಕಲಿತೆ. ಅವರಿಗೂ ಅದೇ ಪ್ರಶ್ನೆ: "ನಿನ್ನೆ ಎಂತ ಆಯ್ತು?" ಬಿಬಿಎಯಲ್ಲಿ ಓದಿದ ಇನ್ವೆಂಟರಿ ಲೆಕ್ಕ ಒಂದೇ ಒಂದು ಕಡೆ ನೇರ ಉಪಯೋಗಕ್ಕೆ ಬಂತು, ಉಳಿದದ್ದು ನೆನಪಿಗೂ ಬರಲಿಲ್ಲ. ಅಪ್ರೆಂಟಿಸ್ ವರ್ಷ ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ತೆಗೆದುಕೊಂಡರು. ಜೀವನವಿಡೀ ಇದೇನಾ ಅಂತ ಕೇಳಿದರೆ ನನ್ನ ಹಳೇ ಉತ್ತರವೇ, ನೋಡ್ಬೇಕು.

ಅಪ್ಪಯ್ಯನಿಗೆ ಮಾತ್ರ ನಾನು ಮಾಡುವ ಕೆಲಸ ಏನು ಅಂತ ಅರ್ಥ ಮಾಡಿಸಲು ಬಹಳ ದಿನ ಆಗಲಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಸ್ಕ್ರ್ಯಾಪ್ ಲಾರಿ ಬಂದಾಗ ತುಕ್ಕು, ಮಣ್ಣು ಎಷ್ಟಿದೆ ಅಂತ ನೋಡಿ ತೂಕದಲ್ಲಿ ಕಡಿತ ಮಾಡುತ್ತೇವೆ, ಅದಕ್ಕೆ ದಿನಾ ಒಂದು ವಾದ ಅಂತ ಹೇಳುತ್ತಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಅಂದ್ರೆ ನೀನೀಗ ಮಂಡಿಯವರ ಕಡೆ ಕೂತಿದೀಯಾ?"

"ಹೂಂ ಅಪ್ಪಯ್ಯ."

"ಅಡಿಕೆ ಹಸಿ ಅಂತ ಕಿಲೋ ಮುರ್ಕೊಳ್ಳೋರು?"

"ಹೂಂ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಆ ಲಾರಿಯವನಿಗೆ ತೂಕದ ಚೀಟಿ ಕೈಗೆ ಕೊಡ್ತೀರಲ್ಲ? ಕೊಡದೆ ಕಳಿಸ್ಬೇಡ."