ಸೌತ್ ಪರೇಡ್ ಎಂಬ ಹೆಸರು ಅಳಿದ ಬಗೆಯನ್ನು ನಾನು ಹಿಡಿದದ್ದು ಹೀಗೆ

ಬೆಂಗಳೂರಿನ ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಇಷ್ಟು ಎಲ್ಲರಿಗೂ ಗೊತ್ತು. ನಾನು ಹುಡುಕಹೊರಟದ್ದು ಅದರ ನಂತರದ ಕಥೆಯನ್ನು. ಆ ರಸ್ತೆಯ ಅಂಗಡಿಯವರು, ಬಾಡಿಗೆದಾರರು, ಅಲ್ಲಿಂದ ಕಾಗದ ಬರೆಯುವವರು ಹಳೆಯ ಹೆಸರನ್ನು ಯಾವಾಗ ಕೈಬಿಟ್ಟರು? ಮೊದಲು ಬಿಟ್ಟವರು ಯಾರು, ಕೊನೆಯವರೆಗೂ ಹಿಡಿದುಕೊಂಡವರು ಯಾರು? ಊರಿನ ಹಳೆಯ ಸಂಗತಿಗಳನ್ನು ಕೆದಕುವ ನಮ್ಮ ಗೆಳೆಯರ ಗುಂಪಿನಲ್ಲಿ ಈ ಪ್ರಶ್ನೆ ಎತ್ತಿದಾಗ ಹಿರಿಯರೊಬ್ಬರು, "ಹೆಸರಿಟ್ಟ ವರ್ಷ ಸಿಕ್ಕ ಮೇಲೆ ಇನ್ನೇನು ಬೇಕಪ್ಪಾ? ರದ್ದಿ ಕಾಗದದಲ್ಲಿ ಇತಿಹಾಸ ಸಿಕ್ಕೀತೇ?" ಎಂದರು. ಸಿಕ್ಕಿದೆ. ಆದ್ದರಿಂದಲೇ ಬರೆಯುತ್ತಿದ್ದೇನೆ.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ, ಬೇರೆಯವರ ಹಣವಾದರೂ ಉಳಿಯಲಿ.

ಎಲ್ಲರೂ ಮೊದಲು ಹೋಗುವುದು ನಗರಸಭೆಯ ಹಳೆಯ ನಡವಳಿ ಪುಸ್ತಕಗಳತ್ತ. ಆದರೆ ಸೌತ್ ಪರೇಡ್ ಇದ್ದದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆಯುತ್ತಿದ್ದ ಆ ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಿಂದ ಮೈಸೂರಿಗೆ ಮರಳಿದ್ದೇ 1947ರಲ್ಲಿ. ಪೇಟೆಯ ಮತ್ತು ದಂಡಿನ ಪೌರಾಡಳಿತಗಳು ಒಂದಾಗಿ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹೆಸರು ಬದಲಾದದ್ದು ಈ ಎರಡರ ನಡುವಿನ ಸಂದಿಯಲ್ಲಿ. ಹಾಗಾಗಿ 1948ರ ಪೇಟೆಯ ಕಡತಗಳಲ್ಲಿ ಇದನ್ನು ಹುಡುಕುತ್ತ ಕೂರುವುದು ಕಣ್ಣಿಗೆ ದಂಡ. ರೆಸಿಡೆನ್ಸಿ ಕಾಲದ ಕಡತಗಳ ದೊಡ್ಡ ಪಾಲು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿಯೂ ಇದೆ. ಅಲ್ಲಿಂದ ನಕಲು ತರಿಸುವ ಖರ್ಚನ್ನು ಲೆಕ್ಕ ಹಾಕಿ ಆ ಯೋಚನೆಯನ್ನು ಬದಿಗಿಟ್ಟೆ. ನನಗೆ ಬೇಕಾದ ಉತ್ತರ ಅಲ್ಲಿ ಇರಲಾರದು ಎಂಬುದೂ ಹೊಳೆದಿತ್ತು. ಹೆಸರನ್ನು ಇಟ್ಟವರ ಮಾತು ಆಡಳಿತದ ಕಡತದಲ್ಲಿ ಸಿಗುತ್ತದೆ, ಬಳಸಿದವರ ಮಾತು ಸಿಗುವುದಿಲ್ಲ.

ಎರಡನೆಯದು ಕ್ರಯಪತ್ರಗಳ ದಾರಿ. ಚೆಕ್ಕುಬಂದಿಯಲ್ಲಿ, ಅಂದರೆ ಆಸ್ತಿಯ ನಾಲ್ಕು ಗಡಿಗಳ ವಿವರದಲ್ಲಿ, ರಸ್ತೆಯ ಹೆಸರು ಇರುತ್ತದೆ, ನೋಂದಣಿಯ ತಾರೀಖೂ ಇರುತ್ತದೆ, ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆ ಬೇಕೇ ಎಂದು ವಕೀಲ ಗೆಳೆಯರೊಬ್ಬರು ವಾದಿಸಿದರು. ಹಳೆಯ ಪತ್ರಗಳ ನಕಲು ತೆಗೆಸಿಕೊಡುವ ಮಧ್ಯವರ್ತಿಯೊಬ್ಬರಿಗೆ ನಾಲ್ಕೈದು ಸಾವಿರ ಕೊಟ್ಟೆ. ಬಂದ ನಕಲುಗಳಲ್ಲಿ ಅರ್ಧದಷ್ಟು ಬೇರೆ ರಸ್ತೆಯವು. ಉಳಿದ ಅರ್ಧ ಕಲಿಸಿದ ಪಾಠವೇ ಬೇರೆ: ಪತ್ರ ಬರಹಗಾರ ಚೆಕ್ಕುಬಂದಿಯನ್ನು ಹಿಂದಿನ ಪತ್ರ ನೋಡಿ ಹಾಗೆಯೇ ಇಳಿಸಿಕೊಳ್ಳುತ್ತಾನೆ. ಮೂಲಪತ್ರದಲ್ಲಿ ಸೌತ್ ಪರೇಡ್ ಎಂದಿದ್ದರೆ ಮಗನ ಕಾಲಕ್ಕೂ ಸೌತ್ ಪರೇಡ್, ಮೊಮ್ಮಗನ ಪಾಲುಪತ್ರದಲ್ಲೂ ಅದೇ. ಕಾನೂನಿಗೆ ಅದು ಸರಿ, ಆಸ್ತಿಯ ಗುರುತು ತಪ್ಪಬಾರದಲ್ಲ. ರಸ್ತೆಯ ಮೇಲೆ ಜನ ಏನೆನ್ನುತ್ತಿದ್ದರು ಎಂಬುದಕ್ಕೆ ಮಾತ್ರ ಅದು ಸಾಕ್ಷಿಯೇ ಅಲ್ಲ. ಡೈರೆಕ್ಟರಿಗಳದ್ದೂ ನಕ್ಷೆಗಳದ್ದೂ ಇದೇ ರೋಗ. ಹಿಂದಿನ ವರ್ಷದ ಅಚ್ಚನ್ನೇ ಮುಂದಿನ ವರ್ಷಕ್ಕೂ ಎತ್ತಿಕೊಂಡಿರುತ್ತಾರೆ.

ಹಿರಿಯರನ್ನು ಮಾತನಾಡಿಸುವುದರಲ್ಲಿ ಸಂತೋಷವಿದೆ, ತಾರೀಖು ಇಲ್ಲ.

ಆಗ ಒಂದು ನಿಯಮ ಮಾಡಿಕೊಂಡೆ. ಕಾಗದದಲ್ಲಿ ವಿಳಾಸವೂ ಕಾಲವೂ ಎರಡೂ ಇರಬೇಕು, ವಿಳಾಸವನ್ನು ಹಳೆಯ ಕಾಗದದಿಂದ ಇಳಿಸಿಕೊಂಡಿರಬಾರದು. ಹಾಗೆ ನೋಡಿದರೆ ಉಳಿಯುವುದು ಅಂಗಡಿಯ ಬಿಲ್ಲು, ಅಂಚೆ ಲಕೋಟೆ, ಮದುವೆಯ ಕರೆಯೋಲೆ, ಸ್ಟುಡಿಯೋ ಫೋಟೋದ ರಟ್ಟು. ದಪ್ಪ ಕಡತಗಳನ್ನು ಬಿಟ್ಟು ಇವುಗಳ ಬೆನ್ನು ಹತ್ತಿದೆ.

ಹಣದ ವಿಷಯಕ್ಕೆ ಬರೋಣ. ಅವೆನ್ಯೂ ರಸ್ತೆಯ ಸುತ್ತಮುತ್ತ ಹಳೆಯ ಕಾಗದ ಮಾರುವವರು ಲಕೋಟೆಗೆ ಬೆಲೆ ಕಟ್ಟುವುದು ಅಂಚೆಚೀಟಿ ನೋಡಿ. ಒಳ್ಳೆಯ ಚೀಟಿ ಇದ್ದರೆ ಇನ್ನೂರು, ಮುನ್ನೂರು ಕೇಳುತ್ತಾರೆ. ಚೀಟಿ ಕತ್ತರಿಸಿ ತೆಗೆದ ಲಕೋಟೆಗಳು ಅವರಿಗೆ ರದ್ದಿ, ಒಂದು ಕಟ್ಟು ನೂರೈವತ್ತಕ್ಕೋ ಇನ್ನೂರಕ್ಕೋ ಕೊಟ್ಟುಬಿಡುತ್ತಾರೆ. ಆದರೆ ಬಟವಾಡೆಯ ಮುದ್ರೆಯನ್ನು ಎಷ್ಟೋ ಸಲ ಲಕೋಟೆಯ ಹಿಂಬದಿಗೆ ಒತ್ತಿರುತ್ತಾರೆ. ಚೀಟಿ ಹೋದರೂ ತಾರೀಖು ಉಳಿಯುತ್ತದೆ, ಕಳಿಸಿದವರ ವಿಳಾಸವೂ ಉಳಿಯುತ್ತದೆ. ಇದನ್ನು ಕಂಡುಕೊಂಡ ಮೇಲೆ ನನ್ನ ಖರ್ಚು ಐದನೆಯ ಒಂದು ಭಾಗಕ್ಕೆ ಇಳಿಯಿತು. ಆದರೂ ಎಲ್ಲ ಸೇರಿ ಮೂವತ್ತೈದು, ನಲವತ್ತು ಸಾವಿರ ಕೈಬಿಟ್ಟಿದೆ. ಅದರಲ್ಲಿ ಹತ್ತು ಸಾವಿರದಷ್ಟು ಶುದ್ಧ ನಷ್ಟ.

ತಾರೀಖು ಇಲ್ಲದ ಬಿಲ್ಲುಗಳನ್ನು ಬಿಸಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊತ್ತ ಅಣೆ, ಪೈಗಳಲ್ಲಿದ್ದರೆ ಅದು ಬಹುತೇಕ 1957ರ ಏಪ್ರಿಲ್‌ಗಿಂತ ಹಿಂದಿನದು. ದಶಮಾಂಶ ನಾಣ್ಯ ಬಂದದ್ದು ಆಗಲೇ. ನಯಾ ಪೈಸೆ ಎಂದಿದ್ದರೆ 1957ರಿಂದ 1964ರೊಳಗೆ, ಏಕೆಂದರೆ 1964ರಲ್ಲಿ 'ನಯಾ' ಬಿಟ್ಟುಹೋಯಿತು. ವಿಳಾಸದ ಕೊನೆಯಲ್ಲಿ ಬರೀ 'ಬೆಂಗಳೂರು-1' ಇದ್ದರೆ ಸಾಮಾನ್ಯವಾಗಿ 1972ಕ್ಕಿಂತ ಹಿಂದಿನದು, ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದರ ಈಚಿನದು. ರಾಜ್ಯದ ಹೆಸರು ಮೈಸೂರು ಎಂದೋ ಕರ್ನಾಟಕ ಎಂದೋ ಎಂಬುದು 1973ರ ನವೆಂಬರ್‌ನ ಗೆರೆಯನ್ನು ಎಳೆಯುತ್ತದೆ. ಇವನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ತಾರೀಖಿಲ್ಲದ ಬಿಲ್ಲೂ ಬಾಯಿಬಿಡುತ್ತದೆ. ದೂರವಾಣಿ ಸಂಖ್ಯೆಯಿಂದ ಕಾಲವನ್ನು ಇನ್ನಷ್ಟು ಬಿಗಿ ಮಾಡುವ ಒಂದು ಉಪಾಯ ನನ್ನ ಬಳಿ ಇದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೂ ಬಹಳ ಕಾಲ ಲೆಕ್ಕ ಕೂಡಲಿಲ್ಲ. ಒಂದೇ ವರ್ಷದ ಎರಡು ಕಾಗದಗಳಲ್ಲಿ ಒಂದು ಸೌತ್ ಪರೇಡ್ ಎನ್ನುತ್ತಿತ್ತು, ಇನ್ನೊಂದು ಮಹಾತ್ಮ ಗಾಂಧಿ ರಸ್ತೆ ಎನ್ನುತ್ತಿತ್ತು. "ನೋಡಿದಿರಾ, ಇದರಲ್ಲಿ ತಲೆಬುಡವಿಲ್ಲ" ಎಂದರು ಗೆಳೆಯರು. ಬಿಡಿಸಿಕೊಂಡದ್ದು ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸುವುದನ್ನು ನಿಲ್ಲಿಸಿ, ವಿಳಾಸ ಹೇಗೆ ಮೂಡಿದೆ ಎಂಬುದರ ಪ್ರಕಾರ ಜೋಡಿಸಿದಾಗ. ಕೈಬರಹದ ವಿಳಾಸ ಒಂದು ಗುಡ್ಡೆ, ರಬ್ಬರ್ ಮೊಹರು ಒಂದು, ಅಚ್ಚಾದದ್ದು ಮತ್ತೊಂದು. ಕೈಬರಹದವರಿಗೆ ಹೊಸ ಹೆಸರು ಬರೆಯಲು ಕಾಸು ಖರ್ಚಿಲ್ಲ. ಮೊಹರು ಮಾಡಿಸಲು ಸ್ವಲ್ಪ ಬೇಕು. ಬಿಲ್ಲು ಪುಸ್ತಕವನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿದವನು ಅದು ಮುಗಿಯುವ ತನಕ ಹೊಸದಕ್ಕೆ ಕೈಹಾಕುವುದಿಲ್ಲ. ಹೀಗೆ ಬೇರೆ ಮಾಡಿದ ಕೂಡಲೇ ಮೂರು ಗುಡ್ಡೆಗಳೂ ತಮ್ಮಷ್ಟಕ್ಕೆ ಸಾಲಾಗಿ ನಿಂತವು.

ನನ್ನ ಬಳಿ ಸೇರಿದ್ದು ನಾನೂರರ ಹತ್ತಿರ, ನಿಯಮಕ್ಕೆ ಒಗ್ಗಿದ್ದು ನೂರನಲವತ್ತು ಇರಬಹುದು. ನೆನಪಿನಿಂದ ಹೇಳುವುದಾದರೆ, ಕೈಬರಹದಲ್ಲಿ ಹೊಸ ಹೆಸರು 1948ರ ಕೊನೆಯಿಂದಲೇ ಕಾಣುತ್ತದೆ, 1950ರ ಹೊತ್ತಿಗೆ ಅದರದ್ದೇ ಮೇಲುಗೈ. ಮೊಹರುಗಳು ಅದರ ಹಿಂದೆಯೇ ಬರುತ್ತವೆ. ಅಚ್ಚಿನಲ್ಲಿ ಹಳೆಯ ಹೆಸರು 1954, 55ರವರೆಗೂ ಎಳೆದುಕೊಂಡು ಬಂದಿದೆ. ನಡುವಿನ ಕೆಲವು ವರ್ಷ ಎರಡೂ ಹೆಸರನ್ನು ಒಟ್ಟಿಗೆ ಕೊಡುವ ವಿಳಾಸಗಳಿವೆ. ಅವು ನನ್ನ ಸಂಗ್ರಹದ ಮುತ್ತುಗಳು. ಅಚ್ಚಾದ ಸೌತ್ ಪರೇಡ್ ಮೇಲೆ ಶಾಯಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊಸ ಹೆಸರು ಬರೆದಿರುವ ಬಿಲ್ಲು ಮೂರೋ ನಾಲ್ಕೋ ಸಿಕ್ಕಿವೆ, ಅವನ್ನು ಯಾರಿಗೂ ಮಾರುವುದಿಲ್ಲ.

ಈ ರಸ್ತೆಗೆ ಒಂದು ಅನುಕೂಲವೂ ಇತ್ತು. ಸೌತ್ ಪರೇಡ್ ಎಂದರೆ ಕವಾಯತು ಮೈದಾನದ ದಕ್ಷಿಣದ ಅಂಚು. ಈಗಿನ ಮಾಣೆಕ್‌ಷಾ ಪರೇಡ್ ಮೈದಾನದ ಎದುರಿನ ಭಾಗದಲ್ಲಿ ಅಂಗಡಿಸಾಲು ಒಂದೇ ಬದಿಗೆ, ಇನ್ನೊಂದು ಬದಿಯಲ್ಲಿ ಮೆಟ್ರೋ ಬರುವವರೆಗೂ ಮರಗಳ ಸಾಲು. ಎಡ, ಬಲ ಎಂಬ ಗೊಂದಲವಿಲ್ಲದೆ ಕಟ್ಟಡಗಳನ್ನು ಸಾಲಾಗಿ ಕೂರಿಸಬಹುದು. ಜಾಗ ಕದಲದ ಗುರುತುಗಳೂ ಧಾರಾಳ: ಪಶ್ಚಿಮದ ತುದಿಯಲ್ಲಿ 1906ರ ವಿಕ್ಟೋರಿಯಾ ರಾಣಿಯ ಪ್ರತಿಮೆ, ಪೂರ್ವದಲ್ಲಿ 1851ರ ಟ್ರಿನಿಟಿ ಚರ್ಚ್, ನಡುವೆ 1883ರ ಮೇಯೋ ಹಾಲ್, 1936ರಲ್ಲಿ ತೆರೆದ ಪ್ಲಾಜಾ ಚಿತ್ರಮಂದಿರ. ಪ್ಲಾಜಾ ಈಗಿಲ್ಲ, ಅಲ್ಲಿ ಮೆಟ್ರೋ ನಿಲ್ದಾಣವಿದೆ. ಆದರೆ ಅದರ ಪಕ್ಕ, ಅದರ ಎದುರು ಎಂದು ಬರೆದ ವಿಳಾಸಗಳು ಬಾಗಿಲ ಸಂಖ್ಯೆ ಬದಲಾದಾಗಲೂ ಕೈಹಿಡಿದವು. ಹಳೆಯ ಸಂಖ್ಯೆಯನ್ನು ಹೊಸ ಸಂಖ್ಯೆಗೆ ನಾನು ಹೊಂದಿಸಿದ ಪಟ್ಟಿಯನ್ನು ಕೇಳಬೇಡಿ. ಅದಕ್ಕೆ ಸುರಿದ ಶ್ರಮ ನನಗೆ ಮಾತ್ರ ಗೊತ್ತು.

ಅತಿ ಹೆಚ್ಚು ಫಲ ಕೊಟ್ಟದ್ದು ಪುಸ್ತಕಗಳು. ಆ ರಸ್ತೆಯ ಪುಸ್ತಕದಂಗಡಿಗಳು ಮಾರಿದ ಪುಸ್ತಕದ ಒಳರಟ್ಟಿನ ಮೂಲೆಯಲ್ಲಿ ಉಗುರಗಲದ ಚೀಟಿ ಅಂಟಿಸಿರುತ್ತಿದ್ದರು, ಅದರಲ್ಲಿ ವಿಳಾಸ. ಎದುರು ಪುಟದಲ್ಲಿ ಕೊಂಡವರು ಹೆಸರು ಬರೆದು ತಾರೀಖು ಹಾಕಿರುತ್ತಾರೆ. ಅಂಗಡಿ ವಿಳಾಸ ಕೊಟ್ಟಿತು, ಓದುಗ ದಿನ ಕೊಟ್ಟ, ಇಬ್ಬರಿಗೂ ನಮ್ಮ ಗೊಡವೆಯಿಲ್ಲ. ಇಂಥ ಪುಸ್ತಕಗಳನ್ನು ಕೊಳ್ಳುವುದೂ ಬೇಡ, ಹಳೆಯ ಪುಸ್ತಕದಂಗಡಿಯಲ್ಲಿ ನಿಂತು ತೆರೆದು ಬರೆದುಕೊಂಡರೆ ಸಾಕು. ಮಾಲೀಕರ ಮುಖ ಉಳಿಸಲು ನಡುನಡುವೆ ಒಂದೆರಡು ಕೊಂಡುಕೊಳ್ಳಿ.

ಪರೀಕ್ಷೆ ತಾನಾಗಿ ಬಂದಿತು. ಪರಿಚಯದ ಮನೆಯೊಂದರಲ್ಲಿ ತಾರೀಖಿಲ್ಲದ ಮದುವೆಯ ಗುಂಪುಚಿತ್ರವಿತ್ತು. ರಟ್ಟಿನ ಮೇಲೆ ಸ್ಟುಡಿಯೋದ ಹೆಸರಿನ ಕೆಳಗೆ ಸೌತ್ ಪರೇಡ್ ಎಂದು ಅಚ್ಚು, ಹಿಂಬದಿಯಲ್ಲಿ ಹೊಸ ಹೆಸರಿನ ಮೊಹರು. 1949ರಿಂದ 51ರ ಒಳಗಿನದು ಎಂದು ಹೇಳಿ ಬಂದೆ. ಮನೆಯವರು 1940ಕ್ಕೂ ಹಿಂದಿನದು ಎಂದೇ ನಂಬಿದ್ದರು. ಕೆಲವು ತಿಂಗಳ ಮೇಲೆ ಟ್ರಂಕಿನಲ್ಲಿ ಅದೇ ಮದುವೆಯ ಕರೆಯೋಲೆ ಸಿಕ್ಕಿತು: 1950ರ ಮೇ. ರದ್ದಿಯಲ್ಲಿ ಇತಿಹಾಸ ಸಿಕ್ಕೀತೇ ಎಂದಿದ್ದ ಹಿರಿಯರಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಮಾತನಾಡದೆ ತಮ್ಮ ಬಳಿ ಇದ್ದ ಹಳೆಯ ಲಕೋಟೆಗಳ ಪೆಟ್ಟಿಗೆಯನ್ನು ಮಾರನೆಯ ವಾರ ನನ್ನ ಮನೆಗೆ ಕಳಿಸಿಕೊಟ್ಟರು. ಈ ಬಗೆಯಲ್ಲಿ ಕಾಲ ಹೇಳಬಲ್ಲವರು ಊರಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಸದ್ಯಕ್ಕೆ ಇಲ್ಲ ಎಂದೇ ನನ್ನ ಉತ್ತರ.

ಬೇರೆ ರಸ್ತೆಗಳ ಮೇಲೂ ಕೈಯಾಡಿಸಿದೆ. ಸೆನೋಟಾಫ್ ರಸ್ತೆ ನೃಪತುಂಗ ರಸ್ತೆಯಾದದ್ದರ ಜಾಡು ಬೇರೆಯೇ. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ಸ್ಮಾರಕಸ್ತಂಭ ಅಲ್ಲಿತ್ತು, ಕನ್ನಡ ಹೋರಾಟಗಾರರ ಒತ್ತಾಯದ ನಂತರ 1964ರ ಅಕ್ಟೋಬರ್‌ನಲ್ಲಿ ಅದನ್ನು ಕೆಡವಿದರು. ಕಂಬವೇ ಹೋದ ಮೇಲೆ ಹಳೆಯ ಹೆಸರಿಗೆ ಆಧಾರ ಉಳಿಯಲಿಲ್ಲ. ನನಗೆ ಸಿಕ್ಕ ಕಾಗದಗಳಲ್ಲಿ ಅದು ಸೌತ್ ಪರೇಡ್‌ಗಿಂತ ಬಹು ಬೇಗ ಮಾಯವಾಗಿದೆ. ಸಿಡ್ನಿ ರಸ್ತೆ ಕಸ್ತೂರಬಾ ರಸ್ತೆಯಾದದ್ದಕ್ಕೆ ಅಂಗಡಿಗಳ ಕಾಗದವೇ ಸಾಲದು. ಒಂದು ಬದಿ ಪೂರ್ತಿ ಕಬ್ಬನ್ ಉದ್ಯಾನವಾದರೆ ಬಿಲ್ಲು ಕೊಡುವವರು ಯಾರು? ರೆಸಿಡೆನ್ಸಿ ರಸ್ತೆಯನ್ನು ಅರ್ಧಕ್ಕೇ ಬಿಟ್ಟೆ. ಅದರ ಹೊಸ ಹೆಸರಾದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಫಲಕದಲ್ಲಿದೆ, ಆಟೋದವರಿಗೆ ಇಂದಿಗೂ ಹಳೆಯ ಹೆಸರನ್ನೇ ಹೇಳಬೇಕು. ಮುಗಿಯದ ಬದಲಾವಣೆಗೆ ನನ್ನ ಪದ್ಧತಿ ಒಗ್ಗುವುದಿಲ್ಲ, ಹಳೆಯ ಹೆಸರು ನಿಂತ ಕೊನೆಯ ಬಿಲ್ಲು ಇದ್ದರೆ ಮಾತ್ರ ಅಳೆಯಲು ಸಾಧ್ಯ. ಗಾಂಧಿ ರಸ್ತೆ ಗೆದ್ದದ್ದರಲ್ಲಿ ಎಂ.ಜಿ. ಎಂಬ ಎರಡಕ್ಷರದ ಪಾಲು ದೊಡ್ಡದು ಎಂದು ನನ್ನ ಗಟ್ಟಿ ಅಭಿಪ್ರಾಯ. 1950ರ ದಶಕದ ಕೈಬರಹಗಳಲ್ಲಿ ಪೂರ್ತಿ ಹೆಸರಿಗಿಂತ ಅದೇ ಹೆಚ್ಚು.

ಈಗ ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾದದ್ದರ ಬೆನ್ನು ಹತ್ತಿದ್ದೇನೆ. ಅರವತ್ತರಷ್ಟು ಕಾಗದ ಸೇರಿವೆ, ಅಣೆಯ ಕಾಲದವು ಸಾಕಷ್ಟಿವೆ, 1970ರ ದಶಕದವು ಬೆರಳೆಣಿಕೆ. ಆ ದಶಕದ ಬಿಲ್ಲು, ಲಕೋಟೆ ಯಾರಲ್ಲಾದರೂ ಇದ್ದರೆ ಸೌತ್ ಪರೇಡ್‌ನ ನನ್ನ ಹೆಚ್ಚುವರಿ ಪ್ರತಿಗಳನ್ನು ಒಂದಕ್ಕೆರಡರಂತೆ ಬದಲಿಗೆ ಕೊಡುತ್ತೇನೆ. ಶಾಯಿಯ ಗೆರೆ ಎಳೆದವುಗಳನ್ನು ಬಿಟ್ಟು.